ಅಡ್ಜೆಕ್ಟಿವ್ ಹುಡುಕೋಕೆ ಕನ್ನಡ ಅಡ್ಡಿಯಲ್ಲ

ಪ್ಲೇಸ್‌ಮೆಂಟ್ ಹತ್ತಿರ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಎಲ್ಲರ ಕೈಯಲ್ಲೂ ಆಪ್ಟಿಟ್ಯೂಡ್ ಪುಸ್ತಕ. ಲೆಕ್ಕ, ಲಾಜಿಕ್ ಹೇಗೋ ದಾಟ್ತೀವಿ. 'ಈ ವಾಕ್ಯದಲ್ಲಿ ಅಡ್ಜೆಕ್ಟಿವ್ ಯಾವುದು?' ಅಂತ ಕೇಳಿದ ಕೂಡಲೇ ತಡವರಿಸ್ತೀವಿ. ಕನ್ನಡ ಮಾಧ್ಯಮದಿಂದ ಬಂದ ನಾವಂತೂ 'ಇಂಗ್ಲಿಷ್ ನಮ್ಮಿಂದಾಗಲ್ಲ ಬಿಡು' ಅಂತ ಪುಟ ತಿರುಗಿಸಿಬಿಡ್ತೀವಿ. ಆದರೆ ಕೊರತೆ ಇರೋದು ನಮ್ಮ ತಲೆಯಲ್ಲೂ ಅಲ್ಲ, ಕನ್ನಡದಲ್ಲೂ ಅಲ್ಲ; ನಾವು ಕಲಿತ ರೀತಿಯಲ್ಲಿ.

ನಮಗೆ ಬಾಯಿಪಾಠ ಆಗಿರೋದು ಒಂದೇ ಸೂತ್ರ: ನೌನ್‌ಗೆ ಮುಂಚೆ ಬರೋದು ಅಡ್ಜೆಕ್ಟಿವ್. 'ಎ ಬಿಗ್ ಹೌಸ್' ಸರಿ. 'ದಿ ಹೌಸ್ ಈಸ್ ಬಿಗ್' ಅಂದಾಗ? ಬಿಗ್ ಆದ ಮೇಲೆ ನೌನೇ ಇಲ್ಲ! ಕನ್ನಡದಲ್ಲಿ 'ದೊಡ್ಡ ಮನೆ' ಅಂತೀವಿ, 'ಮನೆ ದೊಡ್ಡದು' ಅಂತೀವಿ, ರೂಪ ಬದಲಾಗುತ್ತೆ. ಇಂಗ್ಲಿಷ್‌ನಲ್ಲಿ ಎರಡೂ ಕಡೆ ಬಿಗ್ ಬಿಗ್ಗೇ, ಎರಡೂ ಕಡೆ ಅಡ್ಜೆಕ್ಟಿವ್ವೇ. ಇಷ್ಟನ್ನು ಯಾರಾದರೂ ಕನ್ನಡದಲ್ಲಿ ಒಂದು ಸಲ ಹೇಳಿದ್ದರೆ ಸಾಕಿತ್ತು.

'ದಿ ಬ್ರೋಕನ್ ಚೇರ್' ತಗೊಳ್ಳಿ. ಬ್ರೋಕನ್ ವರ್ಬ್ ಅಲ್ವಾ ಅಂತ ಗೊಂದಲ. 'ಮುರಿದ ಕುರ್ಚಿ' ಅಂತ ಹೇಳಿ ನೋಡಿ. ಹುಟ್ಟಿದ್ದು ಕ್ರಿಯಾಪದದಿಂದ, ಆದರೆ ಇಲ್ಲಿ ಹೇಳ್ತಿರೋದು ಕುರ್ಚಿ ಎಂಥದ್ದು ಅಂತ. ಹಾಗೇ 'ಎ ಫಾಸ್ಟ್ ಟ್ರೇನ್' ವೇಗದ ರೈಲು, ಅಡ್ಜೆಕ್ಟಿವ್. 'ದಿ ಟ್ರೇನ್ ರನ್ಸ್ ಫಾಸ್ಟ್' ಅಂದರೆ ವೇಗವಾಗಿ ಓಡುತ್ತೆ, ಅಡ್ವರ್ಬ್.

ಹಾಗಂತ 'ಆಗಿ' ಬಂದಲ್ಲೆಲ್ಲ ಅಡ್ವರ್ಬ್ ಅಂತ ಟಿಕ್ ಹಾಕಿದ್ರೆ ಕೆಟ್ವಿ. 'ಶಿ ಲುಕ್ಸ್ ಹ್ಯಾಪಿ' ಅನ್ನೋದು ಕನ್ನಡದಲ್ಲಿ 'ಖುಷಿಯಾಗಿ ಕಾಣ್ತಾಳೆ' ಆಗುತ್ತೆ. ಆದರೆ ಖುಷಿ ಇರೋದು ಅವಳಲ್ಲಿ, ಕಾಣೋ ಕ್ರಿಯೆಯಲ್ಲಲ್ಲ. ಆದ್ದರಿಂದ ಹ್ಯಾಪಿ ಅಡ್ಜೆಕ್ಟಿವ್. 'ಲಿ' ಅಂತ ಮುಗಿಯೋದೆಲ್ಲ ಅಡ್ವರ್ಬ್ ಅನ್ನೋದೂ ಸುಳ್ಳು; 'ಎ ಫ್ರೆಂಡ್ಲಿ ಸೀನಿಯರ್' ನೋಡಿ.

ಅಂದಮೇಲೆ ಕೇಳಬೇಕಾದ ಪ್ರಶ್ನೆ, ಪದ ಎಲ್ಲಿ ಕೂತಿದೆ, ಹೇಗೆ ಮುಗಿದಿದೆ ಅಂತಲ್ಲ. ಅದು ಹೆಸರಿನ ಬಗ್ಗೆ ಹೇಳ್ತಿದೆಯಾ, ಕೆಲಸದ ಬಗ್ಗೆ ಹೇಳ್ತಿದೆಯಾ ಅಂತ. ನಮಗೆ ಇದು ಹೊಸದೇನಲ್ಲ. ಒಂದೇ ಟ್ರಾನ್ಸಿಸ್ಟರ್ ಒಂದು ಸರ್ಕ್ಯೂಟ್‌ನಲ್ಲಿ ಸ್ವಿಚ್, ಇನ್ನೊಂದರಲ್ಲಿ ಆಂಪ್ಲಿಫೈಯರ್. ಸರ್ಕ್ಯೂಟ್ ನೋಡದೆ ಉತ್ತರ ಹೇಳ್ತೀವಾ?

ಟ್ರೈನಿಂಗ್ ಕ್ಲಾಸ್‌ಗಳಲ್ಲಿ ಕನ್ನಡದ ಉದಾಹರಣೆ ಕೊಟ್ಟರೆ ಇಂಗ್ಲಿಷ್ ಹಾಳಾಗುತ್ತೆ ಅನ್ನೋ ಭಯ ಬಿಡಬೇಕು. ಗೊತ್ತಿರೋ ಭಾಷೆಯಿಂದ ಗೊತ್ತಿಲ್ಲದ ಭಾಷೆಗೆ ಹೋಗೋದು ಸೋಲಲ್ಲ, ದಾರಿ. ಮುಂದಿನ ಸಲ ಆ ಪ್ರಶ್ನೆ ಬಂದಾಗ ಪುಟ ತಿರುಗಿಸಬೇಡಿ. ಒಮ್ಮೆ ಮನಸ್ಸಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ, ಆಮೇಲೆ ಟಿಕ್ ಮಾಡಿ.