ಬ್ಯಾಗಿನಲ್ಲಿ ಇಲ್ಲದ ಇಂಗ್ಲಿಷ್

ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ನಾನು ಇಂಗ್ಲಿಷ್‌ನಲ್ಲಿ ಫೇಲಾದೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇದು ನನ್ನ ಹಣೆಬರಹ ಎಂದು ಸುಮ್ಮನಾಗಿದ್ದೆ. ಅಮ್ಮಿ ಸುಮ್ಮನಾಗಲಿಲ್ಲ. ಒಂದು ರಾತ್ರಿ ನನ್ನ ಬ್ಯಾಗನ್ನು ಚಾಪೆಯ ಮೇಲೆ ಸುರಿದು, "ಇದರಲ್ಲಿ ಇಂಗ್ಲಿಷ್ ಎಲ್ಲಿದೆ ತೋರಿಸು ಬೇಟಿ" ಅಂದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಇಲ್ಲ ಎಂಬುದು ಗೊತ್ತಾಗಿತ್ತು. ಮಡಚಿದ ಮೂರು ಜೆರಾಕ್ಸ್ ಹಾಳೆ, ಮುಂದಿನಿಂದ ಅರ್ಥಶಾಸ್ತ್ರ, ಹಿಂದಿನಿಂದ ಇಂಗ್ಲಿಷ್ ಬರೆದ ಒಂದೇ ನೋಟ್‌ಬುಕ್, ಅಷ್ಟೇ. ಪಠ್ಯಪುಸ್ತಕ ಭಾರ ಎಂದು ಅಲಮಾರಿಯ ಮೇಲಿಟ್ಟಿದ್ದೆ.

ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಕಷ್ಟ ಎಂದು ಫೇಲಾಗುವುದಿಲ್ಲ, ಬರಿಗೈಲಿ ಕ್ಲಾಸಿಗೆ ಹೋಗುವುದರಿಂದ ಫೇಲಾಗುತ್ತೇವೆ. ಹಂಪಿ ಕಡೆಯಿಂದ ಬರುವ ಗೆಳತಿಯರನ್ನೇ ನೋಡಿ. ಚಿಕ್ಕಂದಿನಿಂದ ವಿದೇಶಿಯರೊಂದಿಗೆ ಪಟಪಟ ಮಾತಾಡಿದವರು ರಿಪೋರ್ಟೆಡ್ ಸ್ಪೀಚ್ ಬಂದಾಗ ಪೆನ್ನು ಕಚ್ಚುತ್ತಾರೆ. 80 ಅಂಕ ಇರುವುದು ಬರವಣಿಗೆಗೆ.

ನಾನು ಮಾಡಿದ್ದು ದೊಡ್ಡದೇನಲ್ಲ. ಇಂಗ್ಲಿಷ್‌ಗೆಂದೇ ಒಂದು ನೋಟ್‌ಬುಕ್ ಇಟ್ಟೆ. ಎಡದಿಂದ ಇಂಗ್ಲಿಷ್ ಪದ, ಬಲದಿಂದ ಉರ್ದು ಅರ್ಥ, ಎರಡೂ ಸಾಲಿನ ನಡುವೆ ಬಂದು ಸೇರುತ್ತವೆ. ಉರ್ದುವಿನಲ್ಲಿ ಹೊಳೆಯದಿದ್ದರೆ ಕೆಳಗೆ ಕನ್ನಡದಲ್ಲಿ ಬರೆಯುತ್ತೇನೆ. ಮರುದಿನದ ಪಾಠವನ್ನು ಕಂಪ್ಲಿ ಬಸ್ಸಿನಲ್ಲೇ ಒಮ್ಮೆ ಓದುತ್ತೇನೆ, ತಿಳಿಯದ ಸಾಲಿಗೆ ಪೆನ್ಸಿಲ್ ಗೆರೆ. ಈ ವರ್ಷ ಸಾಯಿನಾಥ್ ಅವರ ‘ವೇರ್ ದೇರ್ ಈಸ್ ಎ ವೀಲ್’ ಪಾಠವನ್ನು ಹೀಗೇ ಓದಿದೆ. ಪುದುಕ್ಕೋಟ್ಟೈ ಜಿಲ್ಲೆಯ ಹಳ್ಳಿ ಹೆಂಗಸರು ಸೈಕಲ್ ಕಲಿತ ಕಥೆ ಅದು. ಮೇಡಂ ಪಾಠ ಶುರು ಮಾಡಿದಾಗ ಕೈ ಎತ್ತಿ ಪ್ರಶ್ನೆ ಕೇಳಿದೆ. ಇಂಗ್ಲಿಷ್ ಕ್ಲಾಸಿನಲ್ಲಿ ನಾನು ಬಾಯಿ ತೆರೆದದ್ದು ಅದೇ ಮೊದಲು. (ಬಣ್ಣಬಣ್ಣದ ಪೆನ್ನುಗಳಿಂದ ಏನೂ ಆಗುವುದಿಲ್ಲ, ನಾನೂ ಕೊಂಡು ನೋಡಿದ್ದೇನೆ.)

ವಾಟ್ಸ್ಆ್ಯಪ್ ನೋಟ್ಸ್ ಬಗ್ಗೆ ಹೇಳಲೇಬೇಕು. ಕಳೆದ ಪರೀಕ್ಷೆಯಲ್ಲಿ ನಮ್ಮ ಸಾಲಿನ ಎಲ್ಲರೂ ಒಂದೇ ಉತ್ತರ ಬರೆದಿದ್ದೆವು, ಒಂದೇ ಸ್ಪೆಲಿಂಗ್ ತಪ್ಪಿನ ಸಮೇತ. ನಾನೂ ಆ ಸಾಲಿನಲ್ಲೇ ಇದ್ದೆ.

ಉಪನ್ಯಾಸಕರಲ್ಲೂ ಎರಡು ವಿನಂತಿ. ಕಂಪ್ಲಿ, ಸಂಡೂರು ಕಡೆಯ ಬಸ್ ತಡವಾದರೆ ನಮಗೆ ಹೋಗುವುದು ಮೊದಲ ಪೀರಿಯಡ್. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡವರಿಗೆ ಇದು ಗೊತ್ತು. ದಯವಿಟ್ಟು ಇಂಗ್ಲಿಷನ್ನು ಮೊದಲ ಪೀರಿಯಡ್‌ಗೆ ಹಾಕಬೇಡಿ. ಮತ್ತೆ, ಕ್ಲಾಸ್ ಮುಗಿಸುವಾಗ ನಾಳಿನ ಪಾಠದ ಪುಟ ಯಾವುದೆಂದು ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಮುಂಚೆಯೇ ಓದಿಕೊಂಡು ಬನ್ನಿ ಎಂದರೆ ಸಾಲದು, ಯಾವ ಪುಟ ಎಂದು ನಮಗೆ ತಿಳಿಯಬೇಕಲ್ಲ.

ನಮ್ಮ ಸೆಕ್ಷನ್‌ನಲ್ಲಿ ಈ ವಾರದಿಂದ ಮೇಡಂ ಅವರನ್ನು ಕೇಳಿ ಆ ಪುಟಸಂಖ್ಯೆಯನ್ನು ನಾನೇ ಬರೆಯುತ್ತಿದ್ದೇನೆ. ಉಳಿದ ಸೆಕ್ಷನ್‌ಗಳಲ್ಲಿ ಯಾರು ಬರೆಯುತ್ತೀರಿ?