ಇಂಡಿಯ ಲಿಂಬೆಯೂ ಕಡೆಯ ವರ್ಷದ ಪಾಠವೂ

ವಿಜಯಪುರದಿಂದ ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿಯ ಮೇಲಿನ ಹೊರ್ತಿಯಲ್ಲಿ ನಿಂತು, ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಂಡಿ ಲಿಂಬೆಯ ತೋಟಗಳನ್ನೂ ಕಾರ್ಖಾನೆಯ ಕಡೆಗೆ ಹೊರಟ ಕಬ್ಬಿನ ಗಾಡಿಗಳನ್ನೂ ನೋಡುವವನಿಗೆ, ರಾಸಾಯನಿಕ ಎಂಜಿನಿಯರಿಂಗಿನ ವಿದ್ಯಾರ್ಥಿಯು ವ್ಯಾಸಂಗದ ಉತ್ತರಾರ್ಧದಲ್ಲಿ ಕಲಿಯುವುದರ ಬಹುಭಾಗವು ಈ ನೆಲದಲ್ಲಿಯೇ ಹರಡಿಕೊಂಡಿದೆಯೆಂದು ತೋರದಿರದು.

ಮೊದಲ ವರ್ಷಗಳು ಗಣಿತಕ್ಕೂ ಮೂಲವಿಜ್ಞಾನಕ್ಕೂ ಸಲ್ಲುವುವು. ತರುವಾಯ ಬರುವುವು ಉಷ್ಣವರ್ಗಾವಣೆ, ದ್ರವ್ಯವರ್ಗಾವಣೆ, ರಿಯಾಕ್ಟರುಗಳ ವಿನ್ಯಾಸ, ಪ್ರಕ್ರಿಯಾ ನಿಯಂತ್ರಣ. ಉಷ್ಣವರ್ಗಾವಣೆಗೆ ಕಬ್ಬಿನ ರಸವೇ ಉದಾಹರಣೆ: 1843ರಲ್ಲಿ ಅಮೆರಿಕೆಯ ನಾರ್ಬರ್ಟ್ ರಿಲ್ಯೂ ಪೇಟೆಂಟು ಪಡೆದ ಬಾಷ್ಪೀಕರಣ ವಿಧಾನದಲ್ಲಿ, ಮೊದಲ ಪಾತ್ರೆಯ ರಸದಿಂದೆದ್ದ ಆವಿಯೇ ಎರಡನೆಯದನ್ನು ಕಾಯಿಸುವುದು. ಅಲ್ಲಿ ಒತ್ತಡವು ಕಡಿಮೆಯಾದುದರಿಂದ ರಸವು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುವುದು. ಸಕ್ಕರೆ ಕಾರ್ಖಾನೆಗಳಲ್ಲಿ ಇಂದಿಗೂ ನಡೆಯುತ್ತಿರುವ ಈ ತತ್ತ್ವವನ್ನು ಕರಿಹಲಗೆಯ ಸಮೀಕರಣದಿಂದಷ್ಟೇ ಅರಿತವನು ಅರ್ಧವನ್ನು ಮಾತ್ರ ಅರಿತವನು. ಕಾಕಂಬಿಯನ್ನು ಹುದುಗಿಸಿ ಬಟ್ಟಿ ಇಳಿಸುವಾಗ, ಎಥೆನಾಲಿನ ಸಾಂದ್ರತೆಯು ತೂಕದಲ್ಲಿ ಸುಮಾರು ಶೇ. 95.6ರ ಬಳಿ ನಿಂತುಬಿಡುವುದೇಕೆಂಬ ಪ್ರಶ್ನೆಯೂ ಅಂತಹುದೇ.

ಲಿಂಬೆಯ ವಿಷಯವಂತೂ ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದುದು. ಅದರ ಸಿಪ್ಪೆಯ ತೈಲದಲ್ಲಿರುವ ಲಿಮೋನೀನ್ ತಾನಾಗಿ ಸುಮಾರು 176 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುವುದಾದರೂ, ಹಬೆಯೊಡನೆ ಕೂಡಿದಾಗ 100 ಡಿಗ್ರಿಗೂ ಕೆಳಗೆ ಹೊರಬರುವುದು. ಪೇಟೆಯಲ್ಲಿ ಬೆಲೆ ಕುಸಿದಾಗ ಹಣ್ಣನ್ನು ಏನು ಮಾಡುವುದೆಂದು ಚಿಂತಿಸುವ ರೈತನ ಪ್ರಶ್ನೆಗೆ ಇಲ್ಲೊಂದು ಉತ್ತರದ ಬೀಜವಿದೆ. ಕಡೆಯ ವರ್ಷದ ಸ್ಥಾವರ ವಿನ್ಯಾಸಕ್ಕೆ ನಮ್ಮ ಕಾಲೇಜುಗಳು ದೂರದ ಪೆಟ್ರೋಲಿಯಮ್ ಶುದ್ಧೀಕರಣಾಗಾರವನ್ನೇ ಆರಿಸದೆ, ಇಂಡಿ ತಾಲ್ಲೂಕಿನ ಒಂದು ಟನ್ ಲಿಂಬೆಯನ್ನು ವಿದ್ಯಾರ್ಥಿಯ ಮುಂದಿರಿಸಿ, ಅದರ ರಸ, ತೈಲ, ಶೇಷಗಳ ಲೆಕ್ಕವನ್ನೂ ಅದಕ್ಕೆ ತಗಲುವ ಹಬೆ, ನೀರುಗಳ ಲೆಕ್ಕವನ್ನೂ ಕೇಳಬೇಕು.