ಗುರುಪೀಠವೋ ಸಂಘರ್ಷ ಸಮಿತಿಯೋ: ಸಮಾನತೆಯ ಹೋರಾಟದ ಮುಂದಾಳತ್ವ ಯಾರದು?

ಶೋಷಿತ ಸಮುದಾಯಗಳ ಸಮಾನತೆಯ ಹೋರಾಟವನ್ನು ಆಯಾ ಸಮುದಾಯದ ಧರ್ಮಪೀಠಗಳು ಮುನ್ನಡೆಸುವುದು ಸರಿಯೇ? ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿರುವ ವಾಲ್ಮೀಕಿ ಗುರುಪೀಠ ಮತ್ತು ಹರಿಹರದ ಬಳಿಯೇ ಇರುವ, ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಸಮಾಧಿಸ್ಥಳ ಮೈತ್ರಿವನ, ಈ ಎರಡೂ ನೆಲೆಗಳಿಂದ ಹೊರಟ ಹೋರಾಟಗಳನ್ನು ಮುಂದಿಟ್ಟುಕೊಂಡು ಇಲ್ಲಿ ವಾದ ಮತ್ತು ಪ್ರತಿವಾದ.

ಪರ

ದೇವರು ತುಳಿತಕ್ಕೊಳಗಾದವರ ಪಕ್ಷ ವಹಿಸುತ್ತಾನೆ, ಆದ್ದರಿಂದ ಅವರ ಬಿಡುಗಡೆಗಾಗಿ ದುಡಿಯುವುದೇ ನಿಜವಾದ ಭಕ್ತಿ ಎಂದು ಹೇಳುವ ಚಿಂತನೆಯನ್ನು ವಿಮೋಚನಾ ದೈವಶಾಸ್ತ್ರ ಎಂದು ಕರೆಯಲಾಗುತ್ತದೆ. ಪೆರು ದೇಶದ ಪಾದ್ರಿ ಗುಸ್ತಾವೊ ಗುಟಿಯೆರೆಸ್ ಅವರ 1971ರ ಗ್ರಂಥದಿಂದ ಈ ಹೆಸರು ಪ್ರಸಿದ್ಧವಾಯಿತಾದರೂ, ಅದಕ್ಕೂ ಮೊದಲೇ, 1969ರಲ್ಲಿ, ಅಮೆರಿಕದ ಕಪ್ಪು ಜನಾಂಗದ ಚಿಂತಕ ಜೇಮ್ಸ್ ಕೋನ್ ಅವರು ವರ್ಣಭೇದದ ವಿರುದ್ಧದ ಹೋರಾಟವೂ ಕ್ರಿಸ್ತನ ಬೋಧನೆಯೂ ಬೇರೆ ಬೇರೆಯಲ್ಲವೆಂದು ಪ್ರತಿಪಾದಿಸಿದ್ದರು. ಈ ಚಿಂತನೆ ಪುಸ್ತಕದಿಂದ ಹುಟ್ಟಿದ್ದಲ್ಲ; 1955ರಲ್ಲಿ ಅಮೆರಿಕದ ಮಾಂಟ್ಗೊಮರಿಯಲ್ಲಿ ವರ್ಣಭೇದದ ವಿರುದ್ಧ ನಡೆದ ಬಸ್ ಬಹಿಷ್ಕಾರಕ್ಕೆ ಜನ ಸೇರಿದ್ದು ಚರ್ಚುಗಳಲ್ಲಿ, ಅವರನ್ನು ಮುನ್ನಡೆಸಿದ ಮಾರ್ಟಿನ್ ಲೂಥರ್ ಕಿಂಗ್ ಒಬ್ಬ ಪಾದ್ರಿ. ಅದೇ ಎಳೆ ಕರ್ನಾಟಕಕ್ಕೂ ತಲುಪಿ, 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ನೀಡಿದ ಉಪನ್ಯಾಸದಿಂದ ದಲಿತ ದೈವಶಾಸ್ತ್ರವೆಂಬ ಶಾಖೆ ಆರಂಭವಾಯಿತು. ಕನ್ನಡ ನಾಡಿಗೆ ಇದು ಹೊರಗಿನ ಸರಕೂ ಅಲ್ಲ, ಏಕೆಂದರೆ ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ ಮೊದಲಾದ ಶರಣರು ಧರ್ಮದ ಮಾತಿನಿಂದಲೇ ಮೇಲುಕೀಳನ್ನು ಪ್ರಶ್ನಿಸಿದವರು.

ಪರಿಶಿಷ್ಟ ಪಂಗಡಕ್ಕೆ ಸೇರಿದ ನಾಯಕ-ವಾಲ್ಮೀಕಿ ಸಮುದಾಯದ ರಾಜನಹಳ್ಳಿಯ ಪೀಠ 1998ರಲ್ಲಿ ಸ್ಥಾಪನೆಯಾಯಿತು. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಶೇ 6.95ರಷ್ಟಿದ್ದರೂ ಮೀಸಲಾತಿ ಶೇ 3ರಲ್ಲೇ ನಿಂತಿತ್ತು. ಈ ಅನ್ಯಾಯವನ್ನು ಸರಿಪಡಿಸಬೇಕೆಂದು ಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿಯವರ ನೇತೃತ್ವದಲ್ಲಿ 2019ರ ಜೂನ್‌ನಲ್ಲಿ ರಾಜನಹಳ್ಳಿಯಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಯಿತು, ಸರ್ಕಾರ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗವನ್ನು ರಚಿಸಿತು, 2020ರಲ್ಲಿ ವರದಿ ಬಂದರೂ ಅದು ಕಡತದಲ್ಲೇ ಉಳಿದಾಗ ಸ್ವಾಮೀಜಿ 2022ರಲ್ಲಿ ಫ್ರೀಡಂ ಪಾರ್ಕಿನಲ್ಲಿ 250ಕ್ಕೂ ಹೆಚ್ಚು ದಿನ ಧರಣಿ ಕುಳಿತರು. ಆ ವರ್ಷದ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿ ಶೇ 7ಕ್ಕೂ ಪರಿಶಿಷ್ಟ ಜಾತಿಯದು ಶೇ 15ರಿಂದ 17ಕ್ಕೂ ಏರಿತು. ಪೀಠದ ಬೇಡಿಕೆಯ ಫಲವನ್ನು ಪೀಠಕ್ಕೆ ಸೇರದ ಸಮುದಾಯಗಳೂ ಉಂಡವು.

ಪೀಠಗಳು ರಾಜಕೀಯ ಮಾಡುತ್ತವೆ ಎಂಬ ಆಕ್ಷೇಪಕ್ಕೆ ಹೆಚ್ಚಿನ ಉತ್ತರ ಬೇಕಿಲ್ಲ. ಬಲಿಷ್ಠ ಜಾತಿಗಳ ಮಠಗಳು ಶತಮಾನಗಳಿಂದ ಮಾಡಿದ್ದನ್ನು ದುರ್ಬಲರ ಪೀಠ ಮಾಡಿದಾಗ ಮಾತ್ರ ಅದು ತಪ್ಪಾಗಿ ಕಾಣುವುದೇಕೆ ಎಂಬುದೇ ಮರುಪ್ರಶ್ನೆ. ಪೀಠದ ಬೇಡಿಕೆಗಳು ಬಹುಮಟ್ಟಿಗೆ ಸರ್ಕಾರದ ಮುಂದೆ ಇಡುವಂಥವು, ಊರ ದೇವಸ್ಥಾನದ ಬಾಗಿಲು ಅಥವಾ ಹೋಟೆಲಿನ ಲೋಟದ ಪ್ರಶ್ನೆಯನ್ನು ಅವು ಅಷ್ಟಾಗಿ ಮುಟ್ಟಿಲ್ಲ ಎಂಬುದು ನಿಜ. ಆದರೆ ಒಂದೇ ಸಂಸ್ಥೆ ಎಲ್ಲವನ್ನೂ ಮಾಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ವಿರೋಧ

ಅಮೆರಿಕದ ಕಪ್ಪು ಚರ್ಚಿನ ಹೋಲಿಕೆ ಈ ನೆಲದಲ್ಲಿ ಮೊದಲ ಹೆಜ್ಜೆಯಲ್ಲೇ ಕುಸಿಯುತ್ತದೆ. ವರ್ಣಭೇದವು ಒಂದೇ ಗೆರೆ ಎಳೆದು ಕಪ್ಪು ಜನರೆಲ್ಲರನ್ನೂ ಗೆರೆಯ ಒಂದೇ ಬದಿಗೆ ತಳ್ಳಿತು, ಆದ್ದರಿಂದ ಅವರ ಚರ್ಚು ಗೆರೆಯ ಆಚೆಗಿದ್ದ ಸರ್ವರಿಗೂ ಸೇರಿದ ಮನೆಯಾಯಿತು. ಜಾತಿ ಎಳೆಯುವುದು ಒಂದು ಗೆರೆಯನ್ನಲ್ಲ. ಡಾ. ಅಂಬೇಡ್ಕರ್ ಅವರು ಶ್ರೇಣೀಕೃತ ಅಸಮಾನತೆ ಎಂದು ಕರೆದ ಈ ವ್ಯವಸ್ಥೆಯಲ್ಲಿ ಮೇಲಿನವರಿಂದ ತುಳಿಸಿಕೊಂಡವರಿಗೂ ತುಳಿಯಲು ಕೆಳಗೊಬ್ಬರಿರುತ್ತಾರೆ, ಮತ್ತು ಪ್ರತಿ ಮೆಟ್ಟಿಲಿಗೂ ಒಂದೊಂದು ಪೀಠ ಬಂದಾಗ ಮೆಟ್ಟಿಲುಗಳು ಕರಗುವುದಿಲ್ಲ, ಗಟ್ಟಿಯಾಗುತ್ತವೆ. ಹರಿಹರ ತಾಲ್ಲೂಕೊಂದರಲ್ಲೇ ವಾಲ್ಮೀಕಿ ಪೀಠ, ಬೆಳ್ಳೂಡಿಯಲ್ಲಿ ಕನಕ ಗುರುಪೀಠದ ಶಾಖೆ, ಹರಿಹರದಲ್ಲಿ ಪಂಚಮಸಾಲಿ ಪೀಠ ಇವೆ; ಮೂರೂ ಮೀಸಲಾತಿಯ ಪಾಲಿಗಾಗಿ ಬೆಂಗಳೂರಿನತ್ತ ಮುಖ ಮಾಡಿವೆ, ಆದರೆ ಮೂರರ ಭಕ್ತರೂ ಸೇರಿ ಒಂದು ಹಳ್ಳಿಯ ಅಸ್ಪೃಶ್ಯತೆಯ ವಿರುದ್ಧ ನಿಲ್ಲಬೇಕೆಂಬ ಕರೆ ಅಷ್ಟೇ ಬಲದಿಂದ ಹೊಮ್ಮಿಲ್ಲ.

ಮಠವಿಲ್ಲದವರ ಗತಿಯೇನು ಎಂಬುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ನಾಯಕ-ವಾಲ್ಮೀಕಿ ಸಮುದಾಯದ ಜೊತೆಗೆ ಕೊರಗರಿದ್ದಾರೆ, ಜೇನುಕುರುಬರಿದ್ದಾರೆ. ಕರ್ನಾಟಕದಲ್ಲಿ ಅತಿ ದುರ್ಬಲ ಬುಡಕಟ್ಟುಗಳೆಂದು ಕೇಂದ್ರ ಸರ್ಕಾರ ಗುರುತಿಸಿರುವುದು ಈ ಎರಡನ್ನೇ. ಅವರಿಗೆ ಜಗದ್ಗುರುವಿಲ್ಲ, ಜಾತ್ರೆಯಿಲ್ಲ, ಮುಖ್ಯಮಂತ್ರಿ ಬಂದು ಕೂರುವ ವೇದಿಕೆಯಿಲ್ಲ. ಶೇ 3 ಶೇ 7 ಆದದ್ದು ನ್ಯಾಯವೇ. ಆದರೆ ಹೆಚ್ಚಿದ ನಾಲ್ಕರಲ್ಲಿ ಕೊರಗರ ಮಗುವಿಗೆ ಎಷ್ಟು ತಲುಪುತ್ತದೆಂದು ಕೇಳುವ ಕೆಲಸವನ್ನು ಪೀಠ ತನ್ನದೆಂದು ತಿಳಿದಿಲ್ಲ. ಸಮಾನತೆಯು ಪೀಠದ ಶಕ್ತಿಗೆ ತಕ್ಕಂತೆ ಹಂಚಿಕೆಯಾಗುವ ವಸ್ತುವಾದರೆ ಅದು ಸಮಾನತೆಯಾಗಿ ಉಳಿಯುವುದಿಲ್ಲ.

ಇದಕ್ಕಿಂತ ಬೇರೆ ದಾರಿಯೊಂದಿತ್ತು, ಮತ್ತು ಅದನ್ನು ತೋರಿಸಿದವರು ಇದೇ ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಅವರು, 1973ರ ಬೂಸಾ ಪ್ರಕರಣದಲ್ಲಿ, ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮೇಲೆ ಮೇಲ್ಜಾತಿಯ ಸಿಟ್ಟು ಎರಗಿದ ಬೆನ್ನಲ್ಲೇ, ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಆ ಸಮಿತಿ ಹೊಲೆಯ, ಮಾದಿಗ ಎಂದು ಭೇದ ಮಾಡದೆ ಜನರನ್ನು ಕೂಡಿಸಿತು, ಹೆಂಡದಂಗಡಿಯ ಬದಲು ಭೂಮಿಯನ್ನೂ ವಸತಿ ಶಾಲೆಯನ್ನೂ ಕೇಳಿತು, ಗುರುವಿನ ಪಾದಕ್ಕೆ ಬದಲಾಗಿ ಸಂವಿಧಾನದ ಮೇಲೆ ಕೈಯಿಟ್ಟು ಮಾತಾಡಿತು. ಹರಿಹರದ ನೆರೆಯ ದಾವಣಗೆರೆಯ ಹತ್ತಿಗಿರಣಿಯ ಕಾರ್ಮಿಕರು ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಮತ್ತೆ ಮತ್ತೆ ವಿಧಾನಸಭೆಗೆ ಕಳಿಸುತ್ತಿದ್ದ ಕಾಲವೂ ಅದೇ ಆಗಿತ್ತು. ಜಾತಿಯ ಗುರುತನ್ನು ಬದಿಗಿಟ್ಟು ದುಡಿಯುವವರಾಗಿ ಮತ ಹಾಕುವುದು ಈ ಸೀಮೆಗೆ ಗೊತ್ತಿಲ್ಲದ ವಿದ್ಯೆಯಲ್ಲ.

ಧರ್ಮದ ಒಳಗಿನಿಂದಲೇ ಬಿಡುಗಡೆ ಬರುತ್ತದೆ ಎನ್ನುವವರು ಚಂದ್ರಗುತ್ತಿಯನ್ನು ನೆನೆಯಬೇಕು. ಸೊರಬ ತಾಲ್ಲೂಕಿನ ಆ ಬೆಟ್ಟದ ರೇಣುಕಾಂಬೆಗೆ ಹರಕೆ ಹೊತ್ತವರು, ಬಹುಪಾಲು ದಲಿತ ಮತ್ತು ಹಿಂದುಳಿದ ಬಡವರು, ವರದಾ ನದಿಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ, ಬೇವಿನ ಸೊಪ್ಪು ಹಿಡಿದು ಬೆಟ್ಟದತ್ತ ಓಡುತ್ತಿದ್ದರು, ನೋಡಲು ದಾರಿಯ ಇಕ್ಕೆಲದಲ್ಲೂ ಜನ ಸೇರುತ್ತಿದ್ದರು. ದೇವಿಯ ಹೆಸರಿನಲ್ಲಿ ನಡೆಯುತ್ತಿದ್ದ ಆ ಅವಮಾನವನ್ನು ತಡೆಯಲು ಮುಂದಾದದ್ದು ಯಾವ ಪೀಠವೂ ಅಲ್ಲ, ದಲಿತ ಸಂಘರ್ಷ ಸಮಿತಿ. 1986ರ ಮಾರ್ಚ್‌ನಲ್ಲಿ ಭಕ್ತರ ಗುಂಪು ತಿರುಗಿಬಿದ್ದು ಕಾರ್ಯಕರ್ತರನ್ನು ಹೊಡೆಯಿತು, ಮಹಿಳೆಯರೂ ಸೇರಿದಂತೆ ಪೊಲೀಸರ ಬಟ್ಟೆ ಕಿತ್ತು ಮೆರವಣಿಗೆ ಮಾಡಿಸಿತು. ಯಾರ ಮಾನಕ್ಕಾಗಿ ಕಾರ್ಯಕರ್ತರು ಹೋಗಿದ್ದರೋ ಅವರೇ ಹೊಡೆದರು ಎಂಬುದನ್ನು ಮುಚ್ಚಿಡುವಂತಿಲ್ಲ, ಮತ್ತು ನಂಬಿಕೆಯ ಹೊರಗೆ ನಿಂತು ಆಡಿದ ಮಾತು ನಂಬಿದವರ ಎದೆಗೆ ಇಳಿಯಲಿಲ್ಲ ಎಂದು ಎದುರು ಪಕ್ಷ ಹೇಳಿದರೆ ಅದರಲ್ಲಿ ಹುರುಳಿಲ್ಲವೆನ್ನಲೂ ಆಗದು. ಆದರೂ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿದ್ದು ಆ ಪೆಟ್ಟುಗಳ ನಂತರವೇ.

ಸಮಿತಿ ಮುಂದೆ ಬಣಗಳಾಗಿ ಒಡೆಯಿತು, 1997ರಲ್ಲಿ ಕೃಷ್ಣಪ್ಪನವರು ತೀರಿಕೊಂಡ ಮೇಲೆ ಅದರ ಕಾವು ಇಳಿಯಿತು, ಪೀಠಗಳು ಬೆಳೆದದ್ದು ಆ ತೆರವಾದ ಜಾಗದಲ್ಲೇ. 2022ರ ಕೊನೆಯಲ್ಲಿ ಒಳಮೀಸಲಾತಿಗಾಗಿ, ಎಂದರೆ ಪರಿಶಿಷ್ಟ ಜಾತಿಗಳ ನಡುವೆಯೇ ಜನಸಂಖ್ಯೆ ಮತ್ತು ಹಿಂದುಳಿದಿರುವಿಕೆಗೆ ತಕ್ಕಂತೆ ಪಾಲು ಹಂಚಬೇಕೆಂಬ ಬೇಡಿಕೆಗಾಗಿ, ಮೈತ್ರಿವನದಿಂದಲೂ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. ಚಳವಳಿಯೂ ಕೊನೆಗೆ ಜಾತಿಯ ಲೆಕ್ಕಕ್ಕೇ ಬಂತಲ್ಲ ಎನ್ನುವವರಿದ್ದಾರೆ. ಆ ಬೇಡಿಕೆ ಹಿಂದೆ ಉಳಿದವರಿಗೆ ಮೊದಲು ಸಲ್ಲಬೇಕೆಂಬ ತತ್ವದ ಮೇಲೆ ನಿಂತದ್ದು, ಅದನ್ನು ಅಂಕಿಅಂಶವಿಟ್ಟು ಯಾರು ಬೇಕಾದರೂ ಪ್ರಶ್ನಿಸಬಹುದು. ಗುರುವಾಕ್ಯವನ್ನು ಹಾಗೆ ಪ್ರಶ್ನಿಸಲಾಗದು.

ಆ ತತ್ವದ ಪರೀಕ್ಷೆ ಈಗ ನಡೆಯುತ್ತಿದೆ. ಒಳಮೀಸಲಾತಿಯ ಕುರಿತು ಬಳಿಕ ವರದಿ ನೀಡಿದ, ಅದೇ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ಮತ್ತೊಂದು ಆಯೋಗವು 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1ರಷ್ಟು ಪಾಲು ಕೊಡಬೇಕೆಂದಿತ್ತು, ಆದರೆ 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ 6, 6, 5 ಎಂದು ಹಂಚಿ ಅವರನ್ನು ತಮಗಿಂತ ಮುಂದಿರುವ ಸಮುದಾಯಗಳ ಜೊತೆ ಒಂದೇ ಗುಂಪಿಗೆ ಸೇರಿಸಿತು. ಅವರ ಬೆನ್ನಿಗೆ ಪೀಠವೂ ಇರಲಿಲ್ಲ, ದೊಡ್ಡ ಸಂಘಟನೆಯೂ ಇರಲಿಲ್ಲ. ಫೆಬ್ರುವರಿಯಲ್ಲಿ ರಾಜನಹಳ್ಳಿಯ ಜಾತ್ರೆಗೆ ಎಲ್ಲ ಪಕ್ಷಗಳ ನಾಯಕರೂ ಬರುತ್ತಾರೆ. ವಿಮೋಚನೆಯ ಮಾತು ಪೀಠಕ್ಕೆ ನಿಜವಾಗಿಯೂ ಬೇಕಿದ್ದರೆ ಆ ವೇದಿಕೆಯಲ್ಲಿ ಮೊದಲು ಮಂಡನೆಯಾಗಬೇಕಾದದ್ದು ಅಲೆಮಾರಿಗಳ ಆ ಶೇ 1ರ ಮತ್ತು ಕೊರಗರ, ಜೇನುಕುರುಬರ ಒಳಪಾಲಿನ ಬೇಡಿಕೆ.